ಸುಶೀಲೆಯ ಮೂಗಿನ ಮೇಲಿನ ಅದೃಷ್ಟ

ದೆಹಲಿಯಲ್ಲಿ ನಾಲ್ಕು ಜನರ ನಡುವೆ ತಲೆಯೆತ್ತಿ ಕೂರಬೇಕಾದರೆ ಮನುಷ್ಯನಿಗೆ ದೊಡ್ಡ ಓದು ಇರಬೇಕು, ಇಲ್ಲವೇ ದೊಡ್ಡವರ ಪರಿಚಯ ಇರಬೇಕು. ಎರಡೂ ಇಲ್ಲದವನಿಗೆ ಉಳಿಯುವುದು ಯಾವುದಾದರೊಂದು ಶಾಸ್ತ್ರ. ಕೈ ನೋಡುವವರನ್ನು, ಜಾತಕ ಹೇಳುವವರನ್ನು, ವಾಸ್ತು ತಿದ್ದುವವರನ್ನು ಯಾರೂ ‘ಎಲ್ಲಿಯವರೆಗೆ ಓದಿದ್ದೀರಿ’ ಎಂದು ಕೇಳುವುದಿಲ್ಲ. ನಾನು ಹೈಸ್ಕೂಲು ಮುಗಿಸಿದವನು. ಅಷ್ಟನ್ನೇ ಬಂಡವಾಳ ಮಾಡಿಕೊಂಡು ಕೇಂದ್ರ ಸರ್ಕಾರದ ಒಂದು ಕಚೇರಿಗೆ ಟಪಾಲು ಗುಮಾಸ್ತನಾಗಿ ಸೇರಿ, ಅಲ್ಲೇ ಕೂದಲು ನರೆಸಿಕೊಂಡು ನಿವೃತ್ತನಾದೆ. ನನ್ನ ಸುತ್ತ ಕುಳಿತಿದ್ದವರೆಲ್ಲ ಎಂ.ಎ.ಗಳು, ಎಲ್‌ಎಲ್‌.ಬಿ.ಗಳು. ಅವರ ನಡುವೆ ನನಗೂ ಒಂದು ಕುರ್ಚಿ ಬೇಕಲ್ಲ? ಹಾಗಾಗಿ ನಾನು ಮಚ್ಚೆ ಶಾಸ್ತ್ರವನ್ನು ಆರಿಸಿಕೊಂಡೆ. ಅದಕ್ಕೆ ಪಂಚಾಂಗ ಬೇಡ, ಗುಣಾಕಾರ ಬೇಡ. ಮೈಮೇಲೆ ಒಂದಾದರೂ ಮಚ್ಚೆ ಇಲ್ಲದ ಮನುಷ್ಯ ಸಿಗುವುದು ಕಷ್ಟವಾದ್ದರಿಂದ ಗಿರಾಕಿಗಳಿಗೂ ಬರವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಈ ಶಾಸ್ತ್ರವನ್ನು ಸರಿಯಾಗಿ ಬಲ್ಲವರು ನನಗೆ ಎಲ್ಲೂ ಎದುರಾಗಲಿಲ್ಲ. ಹಾಗಾಗಿ ತಪ್ಪು ಹಿಡಿಯುವವರೂ ಇರಲಿಲ್ಲ.

ಇದು ಶುರುವಾದದ್ದು ಚಳಿಗಾಲದ ಬಿಸಿಲಿನಲ್ಲಿ. ಡಿಸೆಂಬರ್ ಬಂತೆಂದರೆ ದೆಹಲಿಯ ಸರ್ಕಾರಿ ಕಚೇರಿಗಳ ಊಟದ ಡಬ್ಬಿಗಳೆಲ್ಲ ಮೇಜು ಬಿಟ್ಟು ಹುಲ್ಲುಹಾಸಿಗೆ ಬಂದುಬಿಡುತ್ತವೆ. ಎಲ್ಲರೂ ಬೆನ್ನನ್ನು ಬಿಸಿಲಿಗೆ ಒಪ್ಪಿಸಿ, ಕಡಲೆಕಾಯಿ ಸುಲಿಯುತ್ತ, ಇಸ್ಪೀಟು ಹಂಚುತ್ತ, ಸರ್ಕಾರವನ್ನು ಅದರ ಪಾಡಿಗೆ ಬಿಟ್ಟು ಕೂರುತ್ತಾರೆ. ಹಾಗೆ ಕೂತಿದ್ದಾಗ ಒಂದು ದಿನ ನಮ್ಮ ಸೆಕ್ಷನ್ ಆಫೀಸರು ಕಿವಿಯ ಹಾಲೆಯ ಮೇಲಿನ ಮಚ್ಚೆಯನ್ನು ತುರಿಸಿಕೊಳ್ಳುವುದು ನನ್ನ ಕಣ್ಣಿಗೆ ಬಿತ್ತು. ‘ಸಾಬ್, ನಮ್ಮ ದಕ್ಷಿಣದಲ್ಲಿ ಇದಕ್ಕೆ ದೊಡ್ಡ ಅರ್ಥ ಇದೆ’ ಎಂದೆ. ‘ನಮ್ಮ ದಕ್ಷಿಣದಲ್ಲಿ’ ಎಂಬ ಮಾತಿಗೆ ಉತ್ತರದಲ್ಲಿ ಬಹಳ ಬೆಲೆ. ಅವರು ಇಸ್ಪೀಟು ಕೆಳಗಿಟ್ಟು, ‘ಅಚ್ಛಾ? ಬತಾಓ, ಬತಾಓ’ ಎಂದರು. ಕಿವಿಯ ಮೇಲೆ ಮಚ್ಚೆ ಇದ್ದವರ ಹೆಸರು ಬೇಗ ಮೇಲಿನವರ ಕಿವಿಗೆ ಬೀಳುತ್ತದೆ ಎಂದೆ. ಅವರ ಬಡ್ತಿ ಸರದಿಯ ಪ್ರಕಾರ ಹೇಗೂ ಬರುವುದರಲ್ಲಿತ್ತು. ಅದರ ಕಡತ ಟಪಾಲಿನಲ್ಲಿ ನನ್ನ ಕೈ ದಾಟಿಯೇ ಹೋಗಿತ್ತು. ಬಡ್ತಿ ಬಂತು, ಅವರು ಲಡ್ಡು ಹಂಚಿದರು, ನಾನು ಶಾಸ್ತ್ರಿಯಾದೆ. ಆಮೇಲೆ ಗಲ್ಲದ ಮಚ್ಚೆಗೆ ಸ್ವಂತ ಮನೆ, ಹೆಗಲಿನದಕ್ಕೆ ಜವಾಬ್ದಾರಿ, ಅಂಗೈಯದಕ್ಕೆ ಸಂಪತ್ತು ಎಂದು ಬಾಯಿಗೆ ಬಂದಂತೆ ಹಂಚುತ್ತ ಹೋದೆ. ನನ್ನ ಶಾಸ್ತ್ರದಲ್ಲಿ ಕೆಟ್ಟ ಮಚ್ಚೆ ಎಂಬುದೇ ಇರಲಿಲ್ಲ. ಆಗ ಅದನ್ನು ಅದರ ದೊಡ್ಡ ಗುಣ ಎಂದುಕೊಂಡಿದ್ದೆ.

ನಿವೃತ್ತಿಯಾದ ಮೇಲೆ ಕಿದ್ವಾಯಿ ನಗರದ ಸರ್ಕಾರಿ ಮನೆ ಬಿಟ್ಟು ಜನಕಪುರಿಗೆ ಬಂದೆವು. ಶಾಸ್ತ್ರವೂ ಸಾಮಾನಿನ ಜೊತೆಗೇ ಬಂತು. ಇಲ್ಲಿ ಬೆಳಗಿನ ಪಾರ್ಕಿನಲ್ಲಿ ನನಗೆ ಸಿಕ್ಕ ಮೊದಲ ಭಕ್ತರು ಕುಲಕರ್ಣಿ. ಧಾರವಾಡದ ಕಡೆಯವರು, ರೈಲ್ವೆಯಲ್ಲಿ ಇದ್ದು ನಿವೃತ್ತರಾದವರು. ಅವರ ಎಡಗಾಲಿನ ಅಡಿಯಲ್ಲಿ ಒಂದು ಕಪ್ಪು ಮಚ್ಚೆ ಇದೆ. ಅಂಗಾಲಿನ ಮಚ್ಚೆಗೆ ವಿದೇಶ ಪ್ರಯಾಣ ಎಂದು ನಾನು ಹೇಳಿದ ಮರುವಾರವೇ ಅವರು ಪಾಸ್‌ಪೋರ್ಟ್ ಮಾಡಿಸಿದರು. ಕರೆಯುವವರು ಯಾರೂ ಇಲ್ಲ, ಹೋಗಲು ಕಾರಣವೂ ಇಲ್ಲ. ಆದರೂ ವರ್ಷಕ್ಕೊಮ್ಮೆ, ‘ಏನ್ರೀ ಮೂರ್ತಿಗಳ, ನನ್ನ ಕಾಲಾಗಿನ ಮಚ್ಚಿ ಇನ್ನೂ ಎದ್ದಿಲ್ಲೇನ್ರೀ?’ ಎಂದು ವಿಚಾರಿಸುತ್ತಿದ್ದರು. ಹೊಸ ಶತಮಾನದ ಶನಿ ಸ್ವಲ್ಪ ನಿಧಾನ ಎಂದು ನಾನು ಸಮಾಧಾನ ಹೇಳುತ್ತಿದ್ದೆ.

ಇಷ್ಟೂ ಪೀಠಿಕೆ ನನ್ನ ಹೆಂಡತಿ ಸುಶೀಲೆಯ ಮೂಗಿಗಾಗಿ. ಅವಳ ಮೂಗಿನ ಬಲಗಡೆ ಒಂಟಿ ಹರಳಿನ ಮೂಗುಬೊಟ್ಟು ಇರುತ್ತಿತ್ತು. ಚಿಕ್ಕಂದಿನಲ್ಲಿ ಅವಳ ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ಚುಚ್ಚಿಸಿದ್ದು. ಈ ಊರಿನ ಹೆಂಗಸರು ಮೂಗುಬೊಟ್ಟನ್ನು ಎಡಗಡೆ ಹಾಕುತ್ತಾರೆ, ನಮ್ಮವರು ಬಲಗಡೆ. ತರಕಾರಿ ಗಾಡಿಯವನಿಂದ ಹಿಡಿದು ಬ್ಯಾಂಕಿನ ಮೇಡಂ ತನಕ ಎಲ್ಲರೂ ಆ ಮೂಗು ನೋಡಿಯೇ, ‘ಆಂಟಿ, ನೀವು ಸೌತ್‌ನವರಲ್ಲವೇ’ ಎಂದು ಕೇಳುತ್ತಿದ್ದರು. ಅವಳಿಗೆ ಅದು ಒಡವೆಯಲ್ಲ, ವಿಳಾಸ. ಎರಡು ಮೂರು ವರ್ಷದ ಹಿಂದೆ ಆ ಹರಳಿನ ಸ್ವಲ್ಪ ಮೇಲೆ, ಕನ್ನಡಕ ಕೂರುವ ಜಾಗದ ಕೆಳಗೆ, ಸಾಸಿವೆ ಕಾಳಿನಷ್ಟು ಕಪ್ಪಗೆ, ಎಣ್ಣೆ ಹಚ್ಚಿದಂತೆ ಮಿರುಗುವ ಒಂದು ಗುಳ್ಳೆ ಎದ್ದಿತು.

‘ರೀ, ಇದೇನು ನೋಡಿ’ ಎಂದಳು. ನಾನು ಪತ್ರಿಕೆ ಕೆಳಗಿಟ್ಟೆ. ಅವಳ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿ, ಗಿರಾಕಿಗಳಿಗೆ ಮಾಡುವಂತೆ ‘ಹೂಂ’ ಎಂದು ತಲೆದೂಗಿ, ಬಹಳ ಹೊತ್ತು ನೋಡಿದೆ. ‘ಅರವತ್ತು ದಾಟಿದ ಹೆಂಗಸಿಗೆ ಮೂಗಿನ ಬಲಗಡೆ ಮಚ್ಚೆ ಬಂದರೆ ಗಂಡನ ಮನೆಯಲ್ಲಿ ಗೌರವ ಹೆಚ್ಚುತ್ತೆ ಕಣೇ’ ಎಂದೆ.

‘ಅರವತ್ತು ದಾಟೋವರೆಗೂ ಕಾಯಬೇಕಿತ್ತಾ ಅದು?’ ಎಂದು ನಗುತ್ತ ಒಳಗೆ ಹೋದಳು.

ಅದೇ ವಾರ ಒಂದು ಪವಾಡ ನಡೆಯಿತು. ನಮ್ಮ ಮೇಲಿನ ಮನೆಯವರ ಬಚ್ಚಲಿನ ನೀರು ವರ್ಷಗಟ್ಟಲೆಯಿಂದ ನಮ್ಮ ಅಡುಗೆಮನೆಯ ಮೂಲೆಗೆ ತೊಟ್ಟಿಕ್ಕುತ್ತಿತ್ತು. ನಾನು ವಿನಯದಿಂದ ಹೇಳಿದ್ದೆ, ಜಗಳವಾಡಿದ್ದೆ, ಕಾಲೊನಿಯ ಸಭೆಯಲ್ಲಿ ಎತ್ತಿದ್ದೆ. ಬಕೆಟ್ಟು ಮಾತ್ರ ಆ ಮೂಲೆ ಬಿಟ್ಟು ಕದಲಿರಲಿಲ್ಲ. ಆ ವಾರ ಮೇಲಿನ ಮನೆಯವರು ತಾವಾಗಿಯೇ ಪ್ಲಂಬರನ್ನು ಕರೆಸಿ, ಸೋರಿಕೆ ನಿಲ್ಲಿಸಿ, ಕೆಳಗೆ ಬಂದು ಸುಶೀಲೆಯ ಕ್ಷಮೆ ಕೇಳಿಹೋದರು. ದೆಹಲಿಯ ಫ್ಲ್ಯಾಟಿನಲ್ಲಿ ಇದ್ದವರಿಗೆ ಗೊತ್ತು, ಇದು ಮನುಷ್ಯಪ್ರಯತ್ನದಿಂದ ಆಗುವ ಕೆಲಸವಲ್ಲ. ನಾನು ಕುಲಕರ್ಣಿಯವರಿಗೆ ಹೇಳಿದೆ, ಅವರು ಪಾರ್ಕಿಗೆಲ್ಲ ಹೇಳಿದರು. ಸುಶೀಲೆಯ ಮಚ್ಚೆ ನಮ್ಮ ಬ್ಲಾಕಿನಲ್ಲಿ ಹೆಸರು ಮಾಡಿತು.

ಮಚ್ಚೆ ಬೆಳೆಯಿತು. ಬೆಳೆಯುವುದು ಒಳ್ಳೆಯ ಲಕ್ಷಣ ಎಂದೆ. ಅದರ ಅಂಚು ಸಣ್ಣ ಮುತ್ತು ಪೋಣಿಸಿದಂತೆ ಎದ್ದು, ನಡುವೆ ಒಂದು ಕುಳಿ ಬಿತ್ತು. ಅದಕ್ಕೇನು ಹೇಳಿದೆನೋ ನೆನಪಿಲ್ಲ, ಏನೋ ಒಳ್ಳೆಯದನ್ನೇ ಹೇಳಿರಬೇಕು. ಒಂದು ದಿನ ಮುಖ ಒರೆಸಿಕೊಂಡ ಟವೆಲಿನಲ್ಲಿ ರಕ್ತದ ಚುಕ್ಕಿ ಕಾಣಿಸಿತು. ಆಮೇಲೆ ಹಕ್ಕಳೆ ಕಟ್ಟಿತು, ಉದುರಿತು, ಮತ್ತೆ ರಕ್ತ ಬಂತು. ಈಗ ನಾನು ಕನ್ನಡಕದ ಮೇಲೆ ಆರೋಪ ಹೊರಿಸಿದೆ. ಮಾರ್ಕೆಟ್ಟಿನ ಕನ್ನಡಕದ ಅಂಗಡಿಗೆ ಹೋಗಿ ಮೂಗಿನ ಮೇಲೆ ಕೂರುವ ಪ್ಲಾಸ್ಟಿಕ್ ಬಿಲ್ಲೆಗಳನ್ನು ಬದಲಾಯಿಸಿಕೊಂಡು ಬಂದೆ. ಆಮೇಲೆ ಮೆತ್ತಗಿನವು ಹಾಕಿಸಿದೆ. ಆಮೇಲೆ ಫ್ರೇಮನ್ನೇ ಬದಲಿಸಿದೆ. ‘ಭಯ್ಯಾ, ಇನ್ನೂ ಹಗುರದ್ದು ಕೊಡಿ’ ಎಂದಾಗ ಅಂಗಡಿಯವನು, ‘ಅಂಕಲ್, ಇದಕ್ಕಿಂತ ಹಗುರ ಅಂದರೆ ಕನ್ನಡಕ ಹಾಕದೇ ಇರೋದು’ ಎಂದ. ಔಷಧದ ಅಂಗಡಿಯವನು ಒಂದು ಟ್ಯೂಬು ಕೊಟ್ಟ. ಹುಳುಕಡ್ಡಿ, ತುರಿಕೆ, ಮೊಡವೆ, ಬೆವರುಸಾಲೆ, ದೆಹಲಿಯವರು ಎಲ್ಲಕ್ಕೂ ಹಚ್ಚುವ ಟ್ಯೂಬು ಅದು. ‘ಲಗಾಓ, ಠೀಕ್ ಹೋ ಜಾಯೇಗಾ’ ಎಂದ. ಹಚ್ಚಿದಾಗ ಕೆಂಪು ಇಳಿಯಿತು, ನಿಲ್ಲಿಸಿದಾಗ ಮತ್ತೆ ಬಂತು. ಇನ್ನೊಂದು ಟ್ಯೂಬು ತಂದೆ.

ಇಲ್ಲಿಯವರೆಗಿನದು ದಡ್ಡತನ ಎನ್ನಬಹುದು. ಇನ್ನು ಹೇಳುವುದಕ್ಕೆ ಆ ರಿಯಾಯಿತಿ ಇಲ್ಲ. ನಾನು ರಕ್ತದೊತ್ತಡದ ಮಾತ್ರೆಗೆಂದು ಡಿಸ್ಪೆನ್ಸರಿಗೆ ಹೋಗುತ್ತೇನೆ. ಸರದಿ ಬರುವ ತನಕ ಗೋಡೆಯ ಮೇಲಿನದನ್ನೆಲ್ಲ ಓದುವುದು ನನ್ನ ಚಾಳಿ. ಅಲ್ಲಿ ಒಂದು ಹಲಗೆಯ ಮೇಲೆ, ವಾರಗಟ್ಟಲೆ ಮಾಯದ ಹುಣ್ಣು, ಹೊಸದಾಗಿ ಎದ್ದ ಅಥವಾ ಬದಲಾಗುತ್ತಿರುವ ಮಚ್ಚೆ, ಸುಮ್ಮನೆ ರಕ್ತ ಒಸರುವ ಗುಳ್ಳೆ, ಇವನ್ನು ಡಾಕ್ಟರಿಗೆ ತೋರಿಸಿ, ಚರ್ಮದ ಕ್ಯಾನ್ಸರ್ ಇರಬಹುದು ಎಂದು ಬರೆದಿತ್ತು. ನಾನು ಪ್ರತಿ ತಿಂಗಳೂ ಅದನ್ನು ಓದಿದ್ದೇನೆ. ಅದರ ಪಕ್ಕದಲ್ಲಿ ಒಂದು ಚಿತ್ರವಿತ್ತು. ಜೋಳದ ಕೂದಲಿನಂಥ ತಲೆಯ, ನೀಲಿ ಕಣ್ಣಿನ ಯಾರೋ ವಿದೇಶಿ ಮುದುಕ. ಇದು ಬಿಳಿಯರ ಕಾಯಿಲೆ, ನಮ್ಮಂಥ ಕಂದು ಬಣ್ಣದವರಿಗೆ ದೇವರೇ ಬಣ್ಣ ಬಳಿದು ಕಾಪಾಡಿದ್ದಾನೆ ಎಂದುಕೊಂಡೆ. ಹಾಗೆಂದುಕೊಂಡರೂ ಆ ಸಾಲುಗಳನ್ನು ಎರಡೆರಡು ಸಲ ಓದುತ್ತಿದ್ದೆ. ಸುಶೀಲೆಗೆ ಆ ಹಲಗೆಯ ವಿಷಯ ಹೇಳಲಿಲ್ಲ. ಹೇಳಿದರೆ ಡಾಕ್ಟರಲ್ಲಿಗೆ ಹೋಗಬೇಕು. ಡಾಕ್ಟರಲ್ಲಿಗೆ ಹೋದರೆ ಪಾರ್ಕಿನಲ್ಲಿ ಕುಲಕರ್ಣಿಗೆ ಏನು ಹೇಳಲಿ? ನಿಜವಾಗಿಯೂ ಅದೇ ನನ್ನ ಯೋಚನೆಯಾಗಿತ್ತು.

ಕೊನೆಗೆ ಹಿಡಿದದ್ದು ಸೊಸೆ ನೇಹಾ. ಪೀತಮ್‌ಪುರದ ಪಂಜಾಬಿ ಹುಡುಗಿ. ಮಗ ಪ್ರಸನ್ನನನ್ನು ಮದುವೆಯಾದ ಮೇಲೆ ಕನ್ನಡ ಕಲಿತಳು. ವ್ಯಾಕರಣ ಹೇಗಾದರೂ ಇರಲಿ, ಹೇಳಬೇಕಾದ್ದನ್ನು ಬಿಡುವವಳಲ್ಲ. ಹೋದ ಜನವರಿಯ ಒಂದು ಭಾನುವಾರ ಅತ್ತೆ ಸೊಸೆ ತಾರಸಿಯ ಬಿಸಿಲಿನಲ್ಲಿ ಎದುರುಬದುರು ಕೂತು ಹಸಿ ಬಟಾಣಿ ಸುಲಿಯುತ್ತಿದ್ದರು. ನಾನು ಸುಲಿದದ್ದನ್ನು ತಿನ್ನುವ ಕೆಲಸದಲ್ಲಿದ್ದೆ. ಮನೆಯೊಳಗಿನ ಟ್ಯೂಬ್‌ಲೈಟಿನಲ್ಲಿ ಕಾಣದ್ದು ಬಿಸಿಲಿನಲ್ಲಿ ಕಾಣುತ್ತದೆ. ನೇಹಾ ಬಟಾಣಿ ಬಿಟ್ಟು ಮುಂದಕ್ಕೆ ಬಾಗಿದಳು. ಗುಳ್ಳೆಯ ಮೇಲೆ ಹಸಿ ರಕ್ತದ ಚುಕ್ಕಿ ಇತ್ತು.

‘ಅತ್ತೆ, ಇದು ಯಾವಾಗಿಂದ ಇದೆ?’

‘ಅದು ಅದೃಷ್ಟದ ಮಚ್ಚೆ ಕಣಮ್ಮ. ನಿಮ್ಮ ಮಾವ ಹೇಳಿದ್ದಾರೆ.’

‘ಲಕ್ಕಿ ಮಚ್ಚೆಯಿಂದ ಖೂನ್ ಯಾಕೆ ಬರತ್ತೆ ಮಾವ?’ ಎಂದು ನನ್ನ ಕಡೆ ತಿರುಗಿದಳು.

‘ಕನ್ನಡಕ ಒತ್ತುತ್ತೆ’ ಎಂದೆ.

‘ಕನ್ನಡಕ ಎರಡೂ ಕಡೆ ಒತ್ತತ್ತೆ. ಖೂನ್ ಒಂದೇ ಕಡೆ ಯಾಕೆ?’

ನಾನು ಇನ್ನೊಂದು ಹಿಡಿ ಬಟಾಣಿ ಬಾಯಿಗೆ ಹಾಕಿಕೊಂಡೆ. ಅವಳು ಮೊಬೈಲು ತೆಗೆದು ತನ್ನ ಮದುವೆಯ ಫೋಟೋದಲ್ಲಿ ಅತ್ತೆಯ ಮೂಗನ್ನು ಹಿಗ್ಗಿಸಿ ನೋಡಿದಳು. ಅಲ್ಲಿ ಹರಳೊಂದೇ ಹೊಳೆಯುತ್ತಿತ್ತು. ‘ನಾಳೆ ಡಾಕ್ಟರ್’ ಎಂದಳು. ಮಚ್ಚೆಗೆ ಕತ್ತಿ ತಾಗಿಸಬಾರದು, ಸೂಜಿ ಚುಚ್ಚಿದರೆ ಹರಡುತ್ತದೆ ಎಂದು ನಾನು ಕೊನೆಯ ಅಸ್ತ್ರ ಬಿಟ್ಟೆ. ‘ಚಲೋ ಮಾವ, ನೀವೂ ಬನ್ನಿ. ಇದನ್ನ ಡಾಕ್ಟರ್‌ಗೇ ಹೇಳಿ’ ಎಂದಳು.

ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ದೀಪವಿರುವ ಒಂದು ಭೂತಗನ್ನಡಿಯನ್ನು ಸುಶೀಲೆಯ ಮೂಗಿಗೆ ತಾಗಿಸಿ ನೋಡಿದರು. ನಾನು ಗಿರಾಕಿಗಳ ಮುಂದೆ ಹಾಕುತ್ತಿದ್ದ ‘ಹೂಂ’ ಅನ್ನು ಅವರು ಹಾಕಲಿಲ್ಲ. ‘ಎಷ್ಟು ದಿನದಿಂದ ಇದೆ? ಏನು ಹಚ್ಚಿದಿರಿ?’ ಎಂದು ಕೇಳಿದರು. ಟ್ಯೂಬಿನ ಹೆಸರು ಕೇಳಿ ಕಣ್ಣು ಮುಚ್ಚಿ ತೆರೆದರು. ಅವರು ಹಿಂದಿಯಲ್ಲಿ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಚರ್ಮದ ಕ್ಯಾನ್ಸರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವವು ಮೂರು ಬಗೆ. ಸುಶೀಲೆಯದು ಬೇಸಲ್ ಸೆಲ್ ಎಂಬ ಬಗೆಯದು ಇರಬಹುದು. ಹೆಚ್ಚಾಗಿ ಮುಖದ ಮೇಲೆ, ಬಿಸಿಲು ತಾಗುವ ಕಡೆ, ಬಹಳ ನಿಧಾನವಾಗಿ ಬೆಳೆಯುತ್ತದೆ. ಬಿಳಿಯರಲ್ಲಿ ಗುಲಾಬಿ ಬಣ್ಣಕ್ಕಿರುತ್ತದೆ, ನಮ್ಮವರಲ್ಲಿ ಎಷ್ಟೋ ಸಲ ಕಪ್ಪಗೇ ಇರುತ್ತದೆ. ಆದ್ದರಿಂದ ಜನ ಮಚ್ಚೆ ಎಂದುಕೊಂಡು ಸುಮ್ಮನಿರುತ್ತಾರೆ. ‘ಕೆಲವರು ಶುಭ ಅಂತಲೂ ತಿಳೀತಾರೆ ಅಂಕಲ್ ಜೀ’ ಎಂದರು. ನಾನು ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ಗಮನವಿಟ್ಟು ನೋಡಿದೆ.

ಈ ಬಗೆ ಬೇರೆ ಅಂಗಗಳಿಗೆ ಹರಡುವುದು ಬಹಳ ಅಪರೂಪ, ಅದು ಸಮಾಧಾನದ ಸಂಗತಿ ಎಂದರು. ಆದರೆ ಬಿಟ್ಟರೆ ಇದ್ದ ಜಾಗದಲ್ಲೇ ಅಗೆಯುತ್ತ ಹೋಗುತ್ತದೆ. ಮೂಗಿನ ಮೆದುಮೂಳೆ, ಕಣ್ಣಿನ ರೆಪ್ಪೆ, ಎಲ್ಲ ಹತ್ತಿರವೇ. ಎರಡನೆಯದು ಸ್ಕ್ವೇಮಸ್ ಎಂಬುದು. ಒರಟಾಗಿ, ಗಡುಸಾಗಿ, ಹಕ್ಕಳೆ ಕಟ್ಟುವಂಥದು. ಹಳೆಯ ಸುಟ್ಟ ಗಾಯದ ಕಲೆಯ ಮೇಲೆ, ವರ್ಷಗಟ್ಟಲೆ ಮಾಯದ ಹುಣ್ಣಿನ ಮೇಲೆ ನಮ್ಮ ದೇಶದಲ್ಲಿ ಕಾಣುತ್ತದೆ, ಕತ್ತು, ಕಂಕುಳಿನ ಗ್ರಂಥಿಗಳಿಗೆ ಹರಡಲೂಬಹುದು. ಮೂರನೆಯದು ಮೆಲನೋಮ. ಮೂರರಲ್ಲಿ ಕಡಿಮೆ ಕಾಣುವಂಥದು, ಹೆಚ್ಚು ಅಪಾಯದ್ದು. ಮಚ್ಚೆಯ ಎರಡು ಅರ್ಧ ಒಂದೇ ಥರ ಇಲ್ಲದಿದ್ದರೆ, ಅಂಚು ಹರಕುಮುರುಕಾಗಿದ್ದರೆ, ಒಂದರಲ್ಲೇ ಹಲವು ಬಣ್ಣ ಕಂಡರೆ, ಬೆಳೆಯುತ್ತ ಬದಲಾಗುತ್ತ ಹೋದರೆ ತಡಮಾಡಬಾರದು. ‘ನಮ್ಮ ಜನರಲ್ಲಿ ಇದು ಬಿಸಿಲು ಕಾಣದ ಕಡೆಯೂ ಬರುತ್ತೆ. ಅಂಗೈ, ಉಗುರಿನ ಅಡಿ, ಅದರಲ್ಲೂ ಅಂಗಾಲು’ ಎಂದರು.

ಅಂಗಾಲು ಎಂದ ಕೂಡಲೇ ನನಗೆ ಧಾರವಾಡದ ಎಡಗಾಲು ಕಾಣಿಸಿತು.

ಸೂಜಿ ಚುಚ್ಚಿದರೆ ಹರಡುತ್ತದೆ ಎಂಬ ನನ್ನ ಅಸ್ತ್ರವನ್ನು ಸೊಸೆಯೇ ಅಲ್ಲಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ನಗಲಿಲ್ಲ. ‘ಎಲ್ಲರೂ ಹಾಗೇ ಹೇಳ್ತಾರೆ. ತುಣುಕು ತೆಗೆದು ಪರೀಕ್ಷಿಸುವುದರಿಂದ ಹರಡುವುದಿಲ್ಲ. ಪರೀಕ್ಷಿಸದೆ ಬಿಟ್ಟರೆ ಬೆಳೆಯುತ್ತೆ’ ಎಂದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಒಂದು ಚೂರು ತೆಗೆದರು. ಸುಶೀಲೆ ಅಷ್ಟೂ ಹೊತ್ತು ಕೇಳಿದ್ದು ಒಂದೇ ಪ್ರಶ್ನೆ, ಅದೂ ಹೊರಡುವಾಗ, ತರಕಾರಿ ಗಾಡಿಯವರಿಂದ ಕಲಿತ ತನ್ನ ಹಿಂದಿಯಲ್ಲಿ: ‘ಡಾಕ್ಟರ್ ಸಾಬ್, ಆಪರೇಷನ್ ಆದಮೇಲೆ ಮೂಗುಬೊಟ್ಟು ಹಾಕ್ಕೋಬಹುದಲ್ಲ?’ ಡಾಕ್ಟರು ಆ ಹರಳನ್ನು ಸ್ವಲ್ಪ ಹೊತ್ತು ನೋಡಿ, ‘ರಿಪೋರ್ಟ್ ಬರಲಿ ಆಂಟಿ’ ಎಂದರು. ಮನೆಗೆ ಬರುವ ತನಕ ಸುಶೀಲೆಯ ಬೆರಳು ಆ ಹರಳಿನ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ನಾನು ಪಾರ್ಕಿಗೆ ಎಲ್ಲರಿಗಿಂತ ಮೊದಲು ಹೋದೆ. ಕುಲಕರ್ಣಿ ಮಂಕಿ ಕ್ಯಾಪು, ಮಫ್ಲರು, ಎರಡು ಸ್ವೆಟರುಗಳೊಳಗಿಂದ ಬಂದರು.

‘ಕುಲಕರ್ಣಿಯವರೇ, ಸಾಕ್ಸ್ ತೆಗೀರಿ.’

‘ಏನಂದ್ರಿ?’

‘ಎಡಗಾಲಿನ ಸಾಕ್ಸ್ ತೆಗೀರಿ. ಮಚ್ಚೆ ನೋಡಬೇಕು.’

‘ಅಲ್ರೀ, ಈ ಥಂಡ್ಯಾಗ? ವೀಸಾ ಬಂತೇನು ಮತ್ತ?’

ಬೆಂಚಿನ ಮೇಲೆ ಅವರನ್ನು ಕೂರಿಸಿ, ಬೂಟು ಬಿಚ್ಚಿಸಿ, ನಾನು ಮಂಡಿಯೂರಿ ಅವರ ಪಾದ ಹಿಡಿದೆ. ಆ ಹೊತ್ತಿಗೆ ನಡಿಗೆಗೆ ಬಂದಿದ್ದ ನಾಲ್ಕು ಜನ ನಿಂತು ನೋಡಿದರು. ಒಬ್ಬರು ಕೈಮುಗಿದರು ಕೂಡ, ಏನೋ ಗುರುಪೂಜೆ ಇರಬೇಕೆಂದು. ನಾನು ನಡೆದದ್ದನ್ನೆಲ್ಲ ಹೇಳಿದೆ. ಸುಶೀಲೆಯ ಮೂಗು, ಡಾಕ್ಟರು ಹೇಳಿದ್ದು, ಮತ್ತು ನನ್ನ ಶಾಸ್ತ್ರಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ ಎಂಬುದು. ಕುಲಕರ್ಣಿ ಸಾಕ್ಸನ್ನು ಕೈಯಲ್ಲೇ ಹಿಡಿದುಕೊಂಡು ತಮ್ಮ ಅಂಗಾಲನ್ನು ತಿರುಗಿಸಿ ನೋಡಿಕೊಂಡರು.

‘ಅಂದ್ರ ಪಾಸ್‌ಪೋರ್ಟು?’

‘ಸುಮ್ಮನೆ ಮಾಡಿಸಿದಿರಿ.’

‘ಮೂರ್ತಿಗಳ, ನಮ್ಮ ಮನಿಯಾಕಿಗೆ ಸಿಂಗಾಪುರಕ್ಕ ಹೊಂಟೇವಿ ಅಂತ ಹೇಳಿ ಹೊಸಾ ಸೂಟ್‌ಕೇಸ್ ತರಿಸೀನ್ರೀ. ಅಟ್ಟದ ಮ್ಯಾಲ ಐತಿ. ಈಗ ಆಕಿಗೆ ನೀವ ಬಂದು ಹೇಳ್ರಿ.’

ಆದರೆ ಒಳ್ಳೆಯ ಮನುಷ್ಯ. ಅದೇ ವಾರ ಅದೇ ಡಾಕ್ಟರಲ್ಲಿಗೆ ಹೋಗಿ ಕಾಲು ತೋರಿಸಿಕೊಂಡು ಬಂದರು. ಹುಟ್ಟಿದಾಗಿನಿಂದ ಇರುವ ಮಚ್ಚೆ, ಬದಲಾಗಿಲ್ಲ, ಈಗ ಹೆದರುವಂಥದ್ದೇನೂ ಇಲ್ಲ, ಬದಲಾದರೆ ಬನ್ನಿ ಎಂದರಂತೆ. ‘ಎಲ್ಲಿಗೂ ಹೋಗಂಗಿಲ್ಲಂತ್ರೀ ನನ್ನ ಮಚ್ಚಿ’ ಎಂದು ನನಗೆ ವರದಿ ಒಪ್ಪಿಸಿದರು. ಪಾರ್ಕಿನಲ್ಲಿ ನನ್ನಿಂದ ಭವಿಷ್ಯ ಕೇಳಿದ್ದ ಇನ್ನೂ ಐದಾರು ಜನರಿಗೆ ನಾನೇ ಹೋಗಿ ನನ್ನ ಮಾತನ್ನು ಹಿಂತೆಗೆದುಕೊಂಡೆ. ಕೆಲವರು ಹಿಂತಿರುಗಿಸಲು ಒಪ್ಪಲಿಲ್ಲ. ಗಲ್ಲದ ಮಚ್ಚೆಯ ಮೇಲೆ ಸ್ವಂತ ಮನೆ ಕೊಂಡಿದ್ದ ಒಬ್ಬರು, ನಿಮಗೆ ವಯಸ್ಸಾಯಿತು, ವಿದ್ಯೆ ಮರೆತುಹೋಗಿದೆ ಎಂದು ನನ್ನನ್ನೇ ಸಮಾಧಾನಪಡಿಸಿದರು.

ಸುಶೀಲೆಯ ರಿಪೋರ್ಟಿನಲ್ಲಿ ಡಾಕ್ಟರು ಊಹಿಸಿದ್ದೇ ಇತ್ತು. ಬೇಸಲ್ ಸೆಲ್. ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರು ಒಂದು ಕಾಗದದ ಮೇಲೆ ಮೂಗಿನ ಚಿತ್ರ ಬರೆದು ವಿವರಿಸಿದರು. ಗುಳ್ಳೆಯನ್ನಷ್ಟೇ ತೆಗೆದರೆ ಸಾಲದು, ಸುತ್ತ ಸ್ವಲ್ಪ ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯಬೇಕು. ತೆಗೆದದ್ದರ ಅಂಚಿನಲ್ಲಿ ಕಾಯಿಲೆ ಉಳಿದಿಲ್ಲವೆಂದು ಪರೀಕ್ಷೆಯಲ್ಲಿ ಖಾತರಿಯಾಗಬೇಕು. ಆದ ಗುಂಡಿಗೆ ಕೆನ್ನೆಯ ಚರ್ಮವನ್ನು ಸರಿಸಿ ತಂದು ಹೊಲಿಯುತ್ತೇವೆ ಎಂದರು. ಕೆಲವರಿಗೆ ಮುಲಾಮಿನಲ್ಲಿ, ಹೆಪ್ಪುಗಟ್ಟಿಸಿ, ಕೆರೆದು ತೆಗೆದು ಗುಣ ಮಾಡುವುದೂ ಉಂಟಂತೆ, ಆಪರೇಷನ್ ತಡೆಯದವರಿಗೆ ವಿಕಿರಣ ಕೊಡುವುದೂ ಉಂಟಂತೆ. ಆದರೆ ಮುಲಾಮು, ಕೆರೆತವೆಲ್ಲ ಗುಳ್ಳೆ ಚರ್ಮದ ಮೇಲ್ಮೇಲೆ ಇರುವಾಗ, ಅಥವಾ ಮೂಗಲ್ಲದ ಜಾಗದಲ್ಲಿ. ಅವರು ಪೆನ್ನಿನಿಂದ ಗುಳ್ಳೆಯ ಸುತ್ತ ಒಂದು ಗೆರೆ ಎಳೆದರು. ಆ ಗೆರೆ ಮೂಗುಬೊಟ್ಟಿನ ತೂತಿನ ಆಚೆಗೆ ಹೋಗಿತ್ತು.

‘ತೂತು ಉಳಿಯೋದಿಲ್ಲ ಅಲ್ವಾ?’ ಎಂದಳು ಸುಶೀಲೆ.

‘ಇಲ್ಲ ಆಂಟಿ.’

‘ಮೊದಲೇ ಬಂದಿದ್ದರೆ?’ ಎಂದು ಕೇಳಿದ್ದು ನಾನು. ಕೇಳಬಾರದಿತ್ತು. ಆದರೆ ಕೇಳದೆ ಇರಲಾಗಲಿಲ್ಲ.

‘ಸಾಸಿವೆಯಷ್ಟಿದ್ದಾಗ ಬಂದಿದ್ದರೆ ಬಹುಶಃ ಉಳೀತಿತ್ತು’ ಎಂದರು. ಅವರ ದನಿಯಲ್ಲಿ ಬೈಗುಳ ಇರಲಿಲ್ಲ. ಅವರು ನಿತ್ಯ ಹೇಳುವ ಮಾತು ಅದು.

ಆಪರೇಷನ್ನಿನ ದಿನ ಒಡವೆ ತೆಗೆಯಿರಿ ಎಂದು ನರ್ಸು ಹೇಳಿದಾಗ ಮೂಗುಬೊಟ್ಟಿನ ತಿರುಪು ಬಿಚ್ಚಲಿಲ್ಲ. ಎಷ್ಟೋ ವರ್ಷದಿಂದ ಅದು ಬಿಚ್ಚಿದ್ದೇ ಇಲ್ಲ. ನೇಹಾ ಒಂದು ತೊಟ್ಟು ಎಣ್ಣೆ ಬಿಟ್ಟು, ‘ಸಾರಿ ಅತ್ತೆ, ಸಾರಿ ಅತ್ತೆ’ ಎನ್ನುತ್ತ ತಿರುಗಿಸಿ ತೆಗೆದಳು. ಹರಳಿಲ್ಲದ ಮೂಗನ್ನು ನಾನು ಅದೇ ಮೊದಲು ನೋಡಿದ್ದು. ಯಾರದೋ ಮೂಗಿನಂತಿತ್ತು. ಎಚ್ಚರವಿದ್ದಂತೆಯೇ, ಆ ಜಾಗವನ್ನಷ್ಟೇ ಮರಗಟ್ಟಿಸಿ ಕೆಲಸ ಮುಗಿಸಿದರು. ಹೊರಬಂದಾಗ ಮುಖದ ನಡುವೆ ದೊಡ್ಡ ಪಟ್ಟಿ. ‘ಒಳಗೆ ಏನು ಮಾಡ್ತಿದ್ದೆ?’ ಎಂದು ಕೇಳಿದರೆ, ‘ಡಾಕ್ಟರಿಗೆ ಬಿಸಿಬೇಳೆಬಾತ್ ಮಾಡೋದು ಹೇಗೆ ಅಂತ ಹೇಳ್ತಿದ್ದೆ. ಅವರು ಹುಣಸೆಹಣ್ಣು ಹಾಕೋದೇ ಇಲ್ವಂತೆ’ ಎಂದಳು. ಹೊಲಿಗೆ ಬಿಚ್ಚುವ ಹೊತ್ತಿಗೆ ಎರಡನೆಯ ರಿಪೋರ್ಟೂ ಬಂತು. ಅಂಚುಗಳಲ್ಲಿ ಏನೂ ಉಳಿದಿಲ್ಲ. ಕೆನ್ನೆಯಿಂದ ಮೂಗಿಗೆ ಒಂದು ತೆಳ್ಳನೆಯ ಗೆರೆ ಮಾತ್ರ ಉಳಿಯಿತು. ಬಿಸಿಲಿಗೆ ಹೋಗುವಾಗ ಕೊಡೆ, ಸನ್‌ಸ್ಕ್ರೀನು. ಒಮ್ಮೆ ಬಂದವರಿಗೆ ಇನ್ನೊಂದು ಕಡೆ ಏಳಬಹುದಾದ್ದರಿಂದ ಆಗಾಗ ತಪಾಸಣೆ.

‘ಅತ್ತೆ, ಎಡಗಡೆ ಚುಚ್ಚಿಸೋಣ. ನಮ್ಮ ಕಡೆ ಎಲ್ಲಾ ಎಡಗಡೆನೇ’ ಎಂದು ನೇಹಾ ಹುರುಪಿನಿಂದ ಹೇಳಿದಳು. ಸುಶೀಲೆ ಕನ್ನಡಿ ನೋಡಿಕೊಂಡು, ‘ಆಮೇಲೆ ತರಕಾರಿಯವನು ನನ್ನ ಹತ್ತಿರ ಪಂಜಾಬಿ ಮಾತಾಡ್ತಾನೆ, ನಾನೇನು ಮಾಡಲಿ?’ ಎಂದಳು. ಹರಳನ್ನು ಬೆಳ್ಳಿಯ ಕುಂಕುಮದ ಭರಣಿಯಲ್ಲಿ ಇಟ್ಟಿದ್ದಾಳೆ. ಇನ್ನೂ ನಿರ್ಧಾರವಾಗಿಲ್ಲ.

ಪಾರ್ಕಿನಲ್ಲೆಲ್ಲ ತಪ್ಪೊಪ್ಪಿಕೊಂಡು ಬಂದವನಿಗೆ ಮನೆಯಲ್ಲಿ ಒಪ್ಪಿಕೊಳ್ಳಲು ಬಾಯಿ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಶಾಸ್ತ್ರ ಪೂರ್ತಿ ನನ್ನ ಕಟ್ಟುಕತೆ ಎಂದೆ. ಡಿಸ್ಪೆನ್ಸರಿಯ ಹಲಗೆಯನ್ನು ತಿಂಗಳು ತಿಂಗಳೂ ಓದಿ ಬಾಯಿ ಮುಚ್ಚಿಕೊಂಡಿದ್ದೆ ಎಂದೆ. ಕುಲಕರ್ಣಿಗೆ ಹೆದರಿ ನಿನ್ನ ಮೂಗು ಕಳೆದೆ ಎಂದೆ.

ಅವಳು ಸೊಪ್ಪಿನಿಂದ ತಲೆಯೆತ್ತಲಿಲ್ಲ. ‘ಹಲಗೆ ವಿಷಯ ಗೊತ್ತಿರಲಿಲ್ಲ. ಅದು ತಪ್ಪು. ಅದನ್ನು ನಾನು ಬೇಗ ಮರೆಯೋಳಲ್ಲ’ ಎಂದಳು. ‘ಶಾಸ್ತ್ರ ಸುಳ್ಳು ಅಂತ ಕಿದ್ವಾಯಿ ನಗರದಲ್ಲೇ ಗೊತ್ತಿತ್ತು.’

‘ಗೊತ್ತಿದ್ದ ಮೇಲೆ ಡಾಕ್ಟರ ಹತ್ತಿರ ಹೋಗಬಾರದಿತ್ತಾ?’

‘ಹೋಗಬೇಕಿತ್ತು. ಆದರೆ ಅವತ್ತು ಪೇಪರು ಕೆಳಗಿಟ್ಟು, ಗಲ್ಲ ಹಿಡಿದು, ಅಷ್ಟು ಹೊತ್ತು ನನ್ನ ಮುಖ ನೋಡಿದಿರಿ. ಮದುವೆಯಾದಾಗಿನಿಂದ ಹಾಗೆ ನೋಡಿದ್ದು ನನಗಂತೂ ನೆನಪಿಲ್ಲ. ಆ ಮಚ್ಚೆ ಇರಲಿ ಬಿಡು ಒಂದಷ್ಟು ದಿನ ಅಂದುಕೊಂಡೆ’ ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ನಾನು ಅಲ್ಲೇ ಕೂತಿದ್ದೆ. ಬೈದಿದ್ದರೆ ಎದ್ದು ಪಾರ್ಕಿಗೆ ಹೋಗಬಹುದಿತ್ತು.

ಹೋದ ಸಲ ತಪಾಸಣೆಗೆ ಹೋದಾಗ ಡಾಕ್ಟರು ನನಗೇ ಒಂದು ಕೆಲಸ ಹಚ್ಚಿದ್ದಾರೆ. ತಿಂಗಳಿಗೊಮ್ಮೆ, ಒಳ್ಳೆಯ ಬೆಳಕಿನಲ್ಲಿ, ಅವಸರ ಮಾಡದೆ, ಹೆಂಡತಿಯ ಮುಖ, ಕಿವಿ, ಕತ್ತು, ಎಲ್ಲ ನೋಡಬೇಕು. ಹೊಸದೇನಾದರೂ ಕಂಡರೆ ತಿಳಿಸಬೇಕು. ಔಷಧದ ಚೀಟಿಯಲ್ಲೇ ಅದನ್ನು ಬರೆದುಕೊಟ್ಟಿದ್ದಾರೆ. ಎಪ್ಪತ್ತು ದಾಟಿದ ಗಂಡಸಿಗೆ ಹೆಂಡತಿಯ ಮುಖ ನೋಡಲು ಡಾಕ್ಟರ ಚೀಟಿ ಬೇಕಾಯಿತು ಎಂಬುದನ್ನು ನೇಹಾ ಪೀತಮ್‌ಪುರದಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದಾಳಂತೆ. ನಗಲಿ.

ನಿನ್ನೆ ಆ ದಿನ. ಸುಶೀಲೆ ಅಡುಗೆ ಮುಗಿಸಿ, ಮುಖ ತೊಳೆದು, ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ನಾನು ಕನ್ನಡಕ ಒರೆಸಿ, ಚೀಟಿಯಲ್ಲಿ ಬರೆದ ಪ್ರಕಾರ ಹಣೆಯಿಂದ ಶುರುಮಾಡಿ ಕಿವಿಯ ಹಿಂದಿನ ತನಕ ನೋಡಿದೆ.

‘ಏನೂ ಇಲ್ಲ’ ಎಂದೆ.

‘ಇಷ್ಟು ಬೇಗ ನೋಡಿಯಾಯ್ತಾ?’ ಎಂದಳು, ಕಣ್ಣು ಮುಚ್ಚಿಕೊಂಡೇ. ‘ಇನ್ನೊಂದು ಸಲ ನೋಡಿ.’

ನಾನು ಮತ್ತೆ ಹಣೆಯಿಂದ ಶುರುಮಾಡಿದೆ.